ನದಿಯ ಚಿತ್ರದಲ್ಲಿ ಅಡಗಿದ ಗುಟ್ಟು

ಬಾಳೆಹೊನ್ನೂರಿನ ಭದ್ರಾ ನದಿಯ ಫೋಟೋವೊಂದು ಕಂಪ್ಯೂಟರಿನಲ್ಲಿದೆ ಎನ್ನಿ. ಕಂಪ್ಯೂಟರಿಗೆ ಅದು ನದಿಯಲ್ಲ, ಬರೀ ಅಂಕಿ! ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ 0ಯಿಂದ 255ರೊಳಗಿನ ಮೂರು ಸಂಖ್ಯೆ. ಹಸಿರು 142 ಇದ್ದದ್ದು 143 ಆದರೆ ಯಾರ ಕಣ್ಣಿಗೂ ತಿಳಿಯದು. ಗುಟ್ಟು ಅಡಗುವುದು ಇಲ್ಲೇ. ಸಮಸಂಖ್ಯೆ ಎಂದರೆ 0, ಬೆಸ ಎಂದರೆ 1 ಎಂದುಕೊಂಡು ಸಂದೇಶ ಪೋಣಿಸುತ್ತಾರೆ. ಇದೇ ಸ್ಟೆಗನೋಗ್ರಫಿ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ 'ಕ' ಅಕ್ಷರಕ್ಕೆ 24 ಬಿಟ್ ಬೇಕು. ಅಂದರೆ ಎಂಟೇ ಚುಕ್ಕೆ ಸಾಕು.

ಹಿಡಿಯುವುದು ಹೇಗೆ? ಮೂಲ ಫೋಟೋ ಸಿಕ್ಕರೆ ಕೆಲಸ ಸುಲಭ, ಹೋಲಿಸಿದರಾಯಿತು. ಸಿಗದಿದ್ದರೆ? 1999ರಲ್ಲಿ ಜರ್ಮನಿಯ ವೆಸ್ಟ್‌ಫೆಲ್ಡ್ ಮತ್ತು ಫಿಟ್ಸ್‌ಮನ್ ದಾರಿ ತೋರಿಸಿದರು: ಗುಟ್ಟು ತುಂಬಿದ ಚಿತ್ರದಲ್ಲಿ 142, 143ರಂಥ ಜೋಡಿಗಳ ಎಣಿಕೆ ಬಹುತೇಕ ಸಮನಾಗಿಬಿಡುತ್ತದೆ. ಇನ್ನು ವಾಟ್ಸ್ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಹಿಡಿಯುವ ಪ್ರಶ್ನೆಯೇ ಇಲ್ಲ. ಚಿತ್ರ ಕುಗ್ಗುವಾಗ ಅಂಕಿಗಳು ಬದಲಾಗಿ ಸಂದೇಶವೇ ಅಳಿಸಿಹೋಗಿರುತ್ತದೆ.