ಕಬ್ಬಿನ ರವದಿ: ಸುಡದೆ ಉಳಿಸುವ ದಾರಿ

ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ರವದಿ ಎನ್ನುತ್ತಾರೆ. ಎಕರೆಗೆ ಸುಮಾರು 3ರಿಂದ 4 ಟನ್ ಬೀಳುತ್ತದೆ. ಬೆಳಗಾವಿ, ಬಾಗಲಕೋಟೆಯಿಂದ ಮಂಡ್ಯದವರೆಗೆ ಇದಕ್ಕೆ ಕಡ್ಡಿ ಗೀರುವ ರೂಢಿಯಿದೆ. ಪಂಜಾಬಿನ ಭತ್ತದ ಕೂಳೆಯ ಹೊಗೆ ವರ್ಷವರ್ಷ ಸುದ್ದಿಯಾಗುತ್ತದೆ. ನಮ್ಮ ಕಬ್ಬಿನ ಸೀಮೆಯ ಹೊಗೆಯನ್ನು ಕೇಳುವವರು ಕಡಿಮೆ.

ಸುಡುವ ರೈತರಿಗೆ ಕಾರಣಗಳಿವೆ. ಗರಿ ಸಾಲುಗಳಲ್ಲಿ ತುಂಬಿಕೊಂಡರೆ ನೀರು ಮುಂದಕ್ಕೆ ಹರಿಯದು. ಕೂಳೆ ಸವರಲು, ಗೊಬ್ಬರ ಹಾಕಲು ಅಡ್ಡಿ. ಇಲಿ, ಹಾವಿನ ಭಯ ಬೇರೆ. ಆಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ದುಬಾರಿ. ಬೆಂಕಿಯಾದರೆ ನೋಡನೋಡುತ್ತಲೇ ಹೊಲ ಬಯಲಾಗುತ್ತದೆ. ನೀರು ಮತ್ತು ಸಮಯದ ಈ ತೊಡಕು ಬಿಡಿಸದ ಯಾವ ಸಲಹೆಯನ್ನೂ ರೈತ ಒಪ್ಪುವುದಿಲ್ಲ.

ಸುಟ್ಟಾಗ ಪೊಟ್ಯಾಷ್, ರಂಜಕದ ಹೆಚ್ಚಿನ ಪಾಲು ಬೂದಿಯಲ್ಲಿ ಉಳಿಯುತ್ತದೆ, ಗಾಳಿ ಹೊತ್ತೊಯ್ಯದಿದ್ದರೆ. ಸಾರಜನಕ, ಗಂಧಕ, ಇಂಗಾಲ ಹೊಗೆಯಾಗಿ ಹೋಗುತ್ತವೆ. ರವದಿಯಲ್ಲಿ ಸಾರಜನಕ ಮೊದಲೇ ಅಲ್ಪ, ನೂರು ಕೆ.ಜಿ.ಗೆ ಅರ್ಧ ಕೆ.ಜಿ.ಯೂ ಇಲ್ಲ. ಹಾಗಾಗಿ ರವದಿ ಉಳಿಸಿದರೆ ಯೂರಿಯಾ ಖರ್ಚೇ ಇಲ್ಲವೆಂಬ ಮಾತು ಉತ್ಪ್ರೇಕ್ಷೆ. ದೊಡ್ಡ ನಷ್ಟ ಇಂಗಾಲದ್ದು, ಅಂದರೆ ಮಣ್ಣನ್ನು ಹದವಾಗಿಟ್ಟು ತೇವ ಹಿಡಿಯುವ ಸಾವಯವ ಅಂಶದ್ದು. ಕೀಟಗಳನ್ನು ತಿಂದು ಬದುಕುವ ಉಪಕಾರಿ ಹುಳುಗಳೂ ಅದೇ ಬೆಂಕಿಯಲ್ಲಿ ಬೇಯುತ್ತವೆ.

ಎಲ್ಲಕ್ಕಿಂತ ಸರಳ ಪರ್ಯಾಯ ಸಾಲು ಬಿಟ್ಟು ಸಾಲು ಹೊದಿಕೆ. ಒಂದು ಸಾಲಿನಲ್ಲಿ ರವದಿ ಒತ್ತಿ, ಪಕ್ಕದ ಸಾಲನ್ನು ನೀರಿಗೆ ಖಾಲಿ ಬಿಡಬೇಕು. ನೀರು ಹರಿಯದೆಂಬ ದೂರು ಅಲ್ಲಿಗೆ ಮುಗಿಯಿತು. ಕಟಾವು ಮುಗಿದ ಬೆನ್ನಿಗೇ ಬೇಸಿಗೆ ಬರುವುದರಿಂದ ಈ ಹೊದಿಕೆಯ ಬೆಲೆ ಹೆಚ್ಚು: ತೇವ ಆರುವುದು ನಿಧಾನವಾಗುತ್ತದೆ, ಕಳೆ ತಗ್ಗುತ್ತದೆ, ಸುಳಿ ಕೊರಕದ ಬಾಧೆಯೂ ಇಳಿಯುತ್ತದೆ. ಆದರೆ ನೀರು ಬಸಿಯದ ಜೌಗು ಕಪ್ಪು ನೆಲದಲ್ಲಿ ದಪ್ಪ ಹೊದಿಕೆ ಒಳಿತಿಗಿಂತ ಕೆಡುಕನ್ನೇ ಮಾಡಬಹುದು. ಗೆದ್ದಲಿನ ಕಾಟವಿದ್ದರೂ ಎಚ್ಚರ ಬೇಕು.

ಬೇಗ ಕೊಳೆಯಬೇಕೆಂದರೆ ರವದಿಗೆ ಸ್ವಲ್ಪ ಆಹಾರ ಕೊಡಬೇಕು. ಕೊಳೆಸುವ ಸೂಕ್ಷ್ಮಾಣುಗಳಿಗೆ ಸಾರಜನಕ ಸಾಲದಿದ್ದರೆ ಅವು ಮಣ್ಣಿನದನ್ನೇ ಎಳೆದುಕೊಳ್ಳುತ್ತವೆ, ಕೂಳೆ ಬೆಳೆ ಹಳದಿಯಾಗುತ್ತದೆ. ಆದ್ದರಿಂದ ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್ ಉದುರಿಸಿ, 1 ಕೆ.ಜಿ. ಕೊಳೆಸುವ ಜೀವಾಣು ಪುಡಿಯನ್ನು ಸಗಣಿ ಬಗ್ಗಡದಲ್ಲಿ ಕಲಸಿ ಚಿಮುಕಿಸಿ ನೀರು ಹಾಯಿಸುವ ಕ್ರಮವಿದೆ. ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರದಿಂದ ಮೊದಲೇ ಪುಡಿ ಮಾಡಿಕೊಂಡರೆ ಕೊಳೆಯುವುದು ಇನ್ನೂ ಸಲೀಸು.

ರವದಿಯನ್ನು ಬೇಲ್ ಕಟ್ಟಿ ಕಾರ್ಖಾನೆಗಳ ವಿದ್ಯುತ್ ಘಟಕಕ್ಕೆ ಉರುವಲಾಗಿ ಕೊಡುವ ದಾರಿಯೂ ಉಂಟು. ಆದರೆ ಅದರಲ್ಲಿರುವ ಪೊಟ್ಯಾಷ್, ಕ್ಲೋರಿನ್ ಬಾಯ್ಲರಿನ ಕೊಳವೆಗಳಿಗೆ ಕಿಟ್ಟ ಕಟ್ಟಿಸುತ್ತವೆ. ಸಾಗಣೆ ಖರ್ಚೂ ಇದೆ. ಹೊಲದ ಲೆಕ್ಕದಲ್ಲಂತೂ ಇದು ಎರಡನೆಯ ಆಯ್ಕೆ.

ಸಣ್ಣ ರೈತ ಪುಡಿ ಮಾಡುವ ಯಂತ್ರ ಕೊಳ್ಳಬೇಕಿಲ್ಲ. ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ಊರ ಟ್ರ್ಯಾಕ್ಟರ್ ಮಾಲೀಕರಲ್ಲೋ ಬಾಡಿಗೆಗೆ ಸಿಗುವುದೇ ಎಂದು ಕಟಾವಿನ ಗ್ಯಾಂಗ್ ಬರುವ ಮುಂಚೆಯೇ ವಿಚಾರಿಸಿಡುವುದು ಲೇಸು. ಕಬ್ಬು ಲಾರಿ ಏರಿದ ಮೇಲೆ ಎಲ್ಲರಿಗೂ ಅದು ಒಟ್ಟಿಗೇ ಬೇಕಾಗುತ್ತದೆ.