ನಾಯಿಯ ಮೂಳೆ ಕ್ಯಾನ್ಸರಿಗೆ ಪ್ಲಾಟಿನಂ ಮದ್ದು

ಗುಂಡ್ಲುಪೇಟೆ, ಚಾಮರಾಜನಗರಗಳ ಕಾಡಂಚಿನ ಹಳ್ಳಿಗಳಲ್ಲಿ ನಾಯಿಯೆಂದರೆ ಹೊಲವನ್ನು ಕಾಡುಹಂದಿಯಿಂದಲೂ ಕೊಟ್ಟಿಗೆಯನ್ನು ಚಿರತೆಯಿಂದಲೂ ಕಾಯುವ ಕಾವಲುಗಾರ. ಅದು ಕುಂಟತೊಡಗಿದರೆ ಮುಳ್ಳು ಚುಚ್ಚಿರಬೇಕೆಂದೋ ಕಾಲು ಉಳುಕಿರಬೇಕೆಂದೋ ನಾವು ಭಾವಿಸುತ್ತೇವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ದೊಡ್ಡ ಮೈಯ, ವಯಸ್ಸಾದ ನಾಯಿಯ ಕುಂಟು ವಾರಗಟ್ಟಲೆ ವಾಸಿಯಾಗದೆ, ಮುಂಗಾಲಿನ ಮಣಿಕಟ್ಟಿನ ಬಳಿಯಲ್ಲೋ ಭುಜದ ಬಳಿಯಲ್ಲೋ ಗಡುಸಾದ ಬಾವು ಕಾಣಿಸಿಕೊಂಡರೆ ಅದು ಮೂಳೆಯ ಕ್ಯಾನ್ಸರ್ ಆಗಿರಬಹುದು. ಗ್ರೇಟ್ ಡೇನ್, ರಾಟ್‌ವೈಲರ್ ಮುಂತಾದ ಭಾರಿ ತಳಿಗಳಲ್ಲಿ ಈ ರೋಗ ಹೆಚ್ಚು.

ರೋಗ ಹಿಡಿದ ಕಾಲನ್ನು ಕತ್ತರಿಸಿ ತೆಗೆದರೆ ನೋವು ನಿಲ್ಲುತ್ತದೆ. ಮೂರು ಕಾಲಿನಲ್ಲಿ ನಡೆಯುವುದನ್ನು ನಾಯಿ ಬೇಗನೆ ಕಲಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ಕ್ಯಾನ್ಸರಿನ ಬೀಜ ಕಣ್ಣಿಗೆ ಕಾಣದಂತೆ ಶ್ವಾಸಕೋಶವನ್ನು ಸೇರಿರುವುದೇ ಹೆಚ್ಚು. ಆದುದರಿಂದ ಶಸ್ತ್ರಚಿಕಿತ್ಸೆ ಒಂದನ್ನೇ ಮಾಡಿದರೆ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳೊಳಗೆ ಸಾಯುತ್ತವೆ. ಮದ್ದನ್ನೂ ಕೊಟ್ಟರೆ ಈ ಅವಧಿ ಸುಮಾರು 10ರಿಂದ 12 ತಿಂಗಳಿಗೆ ಏರುತ್ತದೆ.

ಈ ಮದ್ದಿನ ಮೂಲವು ಭೌತಶಾಸ್ತ್ರದ ಒಂದು ಪ್ರಯೋಗದಲ್ಲಿದೆ. ಅಮೆರಿಕದ ಮಿಚಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ಜೀವಕಣಗಳ ವಿಭಜನೆಯ ಮೇಲೆ ವಿದ್ಯುತ್ ಕ್ಷೇತ್ರದ ಪ್ರಭಾವವೇನೆಂದು ತಿಳಿಯಲು ಬ್ಯಾಕ್ಟೀರಿಯಗಳಿದ್ದ ದ್ರವದಲ್ಲಿ ಪ್ಲಾಟಿನಂ ವಿದ್ಯುದ್ವಾರಗಳನ್ನು ಇಳಿಸಿದನು. ಬ್ಯಾಕ್ಟೀರಿಯಗಳು ಒಡೆದು ಎರಡಾಗುವುದನ್ನು ಬಿಟ್ಟು ದಾರದಂತೆ ಉದ್ದವಾಗಿ ಬೆಳೆದವು! ವಿಭಜನೆಯನ್ನು ತಡೆದದ್ದು ವಿದ್ಯುತ್ತಲ್ಲ, ವಿದ್ಯುದ್ವಾರದಿಂದ ಕರಗಿ ಬಂದ ಪ್ಲಾಟಿನಮ್ಮಿನ ಸಂಯುಕ್ತ. 1965ರಲ್ಲಿ ಪ್ರಕಟವಾದ ಈ ಶೋಧದಿಂದ ಸಿಸ್‌ಪ್ಲಾಟಿನ್, ಮುಂದೆ ಮೂತ್ರಪಿಂಡಕ್ಕೆ ಅದಕ್ಕಿಂತ ಸೌಮ್ಯವಾದ ಕಾರ್ಬೋಪ್ಲಾಟಿನ್ ಬಳಕೆಗೆ ಬಂದವು.

ಹಾಗಾದರೆ ದುಷ್ಪರಿಣಾಮಗಳು ಏಕೆ? ಈ ಮದ್ದು ವಿಭಜನೆಯಾಗುತ್ತಿರುವ ಜೀವಕಣವನ್ನು ಹೊಡೆಯುತ್ತದೆಯೇ ಹೊರತು ಅದು ರೋಗದ್ದೋ ಆರೋಗ್ಯದ್ದೋ ಎಂದು ವಿಚಾರಿಸುವುದಿಲ್ಲ. ಕರುಳಿನ ಒಳಪೊರೆ ಮತ್ತು ಮೂಳೆಯ ಮಜ್ಜೆಗಳಲ್ಲಿಯೂ ವಿಭಜನೆ ಸದಾ ನಡೆಯುತ್ತಿರುತ್ತದೆ. ಕರುಳಿಗೆ ಪೆಟ್ಟು ಬಿದ್ದರೆ ಕೆಲವು ದಿನ ವಾಂತಿ, ಭೇದಿ, ಅರುಚಿ. ಮಜ್ಜೆಗೆ ಬಿದ್ದರೆ ಬಿಳಿಯ ರಕ್ತಕಣಗಳ ಕೊರತೆ. ಕೂದಲು ಮಾತ್ರ ಹೆಚ್ಚಿನ ನಾಯಿಗಳಲ್ಲಿ ಉದುರುವುದಿಲ್ಲ. ಪೂಡ್ಲ್‌ನಂತೆ ಸತತವಾಗಿ ಕೂದಲು ಬೆಳೆಯುವ ತಳಿಗಳಲ್ಲಿ ಉದುರುತ್ತದೆ.

ಮದ್ದಿನ ಪ್ರಮಾಣವನ್ನು ತೂಕಕ್ಕೆ ಬದಲಾಗಿ ಮೈಯ ಮೇಲ್ಮೈ ವಿಸ್ತೀರ್ಣದಿಂದ ಗೊತ್ತುಮಾಡುವುದು ವಾಡಿಕೆ. 10 ಕಿಲೋಗ್ರಾಂ ನಾಯಿಯ ಮೇಲ್ಮೈ ಸುಮಾರು 0.47 ಚದರ ಮೀಟರ್. 30 ಕಿಲೋಗ್ರಾಂ ನಾಯಿಯದು 0.98. ತೂಕ ಮೂರು ಪಟ್ಟಾದರೂ ಮೇಲ್ಮೈ ಎರಡು ಪಟ್ಟು ಮಾತ್ರ! ತೂಕವನ್ನೇ ನಂಬಿದರೆ ದೊಡ್ಡ ನಾಯಿಗೆ ಮದ್ದು ಅತಿಯಾದೀತು. ಕಾರ್ಬೋಪ್ಲಾಟಿನ್ನನ್ನು ಚದರ ಮೀಟರಿಗೆ ಸಾಮಾನ್ಯವಾಗಿ 300 ಮಿಲಿಗ್ರಾಮಿನಂತೆ, ಮೂರು ವಾರಗಳಿಗೊಮ್ಮೆ, ನಾಲ್ಕರಿಂದ ಆರು ಸಲ ರಕ್ತನಾಳಕ್ಕೆ ಕೊಡುತ್ತಾರೆ.

ಗುಂಡ್ಲುಪೇಟೆಯಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಅಲ್ಲಿ ಮದ್ದು ಕೊಡಿಸಿ ತಂದ ಬಳಿಕ ನಾಯಿಯ ದಾದಿಯರು ಮನೆಯವರೇ. 7ರಿಂದ 14ನೆಯ ದಿನದವರೆಗೆ ಬಿಳಿಯ ಕಣಗಳು ತೀರ ಇಳಿದಿರುತ್ತವೆ. ಆಗ ನಾಯಿ ಮಂಕಾಗಿ, ಮೈಶಾಖ 39.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕಾಣಬೇಕು. ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆಗಳನ್ನು ನಾವೇ ಕೊಡುವುದು ಅಪಾಯಕರ. ಮದ್ದು ಮೂತ್ರದಲ್ಲಿ ಹೊರಬೀಳುವುದರಿಂದ ಮೊದಲ ಮೂರು ದಿನ ಕೈಗವುಸು ತೊಟ್ಟೇ ಶುಚಿಮಾಡಬೇಕು. ಗರ್ಭಿಣಿಯರೂ ಮಕ್ಕಳೂ ದೂರವಿರಬೇಕು.

ಮನುಷ್ಯರಲ್ಲಿ ರೋಗವನ್ನು ಪೂರ್ಣ ಗುಣಪಡಿಸುವ ಆಸೆಯಿಂದ ಕಠಿಣ ಪ್ರಮಾಣವನ್ನು ಸಹಿಸುವುದುಂಟು. ನಾಯಿಯ ಚಿಕಿತ್ಸೆಯ ಗುರಿ, ಉಳಿದ ದಿನಗಳು ನೆಮ್ಮದಿಯಿಂದ ಕೂಡಿರಬೇಕೆಂಬುದು. ಆದುದರಿಂದಲೇ ಪ್ರಮಾಣ ಮಿತವಾಗಿರುತ್ತದೆ, ತೀವ್ರ ದುಷ್ಪರಿಣಾಮಗಳೂ ವಿರಳ. ಖರ್ಚಿನಿಂದಲೋ ದೂರದಿಂದಲೋ ಇದು ಸಾಧ್ಯವಾಗದವರು ನೋವು ಶಮನದ ಚಿಕಿತ್ಸೆಯೊಂದನ್ನೇ ಆರಿಸಿಕೊಂಡರೂ ಅದು ನಿರ್ದಯವಲ್ಲ. ನೋವನ್ನು ಗಮನಿಸದೆ ಬಿಡುವುದೊಂದೇ ನಿರ್ದಯ.