ಕೆರೆ ಗುಡಿಸಿದರೆ ವಂಡರ್‌ಲಾ ಟಿಕೆಟ್?

ಒಂದು ದಿನದ ಸೇವೆಗೆ
ಒಂದು ದಿನದ ಮೋಜು ತಕ್ಕ ಪ್ರತಿಫಲವೇ?

2010ರಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆಯು,
ಒಂದು ದಿನ ಸ್ವಯಂಸೇವೆ ಮಾಡಿದವರಿಗೆ
ತನ್ನ ಥೀಮ್ ಪಾರ್ಕಿಗೆ ಒಂದು ದಿನದ ಉಚಿತ ಪ್ರವೇಶ ಕೊಡುವ
ಯೋಜನೆಯನ್ನು ನಡೆಸಿತು;
ನಿಗದಿಯಾಗಿದ್ದ ಹತ್ತು ಲಕ್ಷ ಟಿಕೆಟ್‌ಗಳು
ಕೆಲವೇ ತಿಂಗಳಲ್ಲಿ ಮುಗಿದುಹೋದವು.

ಅದೇ ಮಾದರಿಯನ್ನು ಬೆಂಗಳೂರಿನ ಯಡಿಯೂರಿಗೆ ತಂದು,
ಕೆರೆಯ ದಂಡೆಯಲ್ಲಿ ಕಸ ಹೆಕ್ಕಿದವರಿಗೆ
ಬಿಡದಿ ಬಳಿಯ ಮನರಂಜನಾ ಉದ್ಯಾನ ವಂಡರ್‌ಲಾದ ಟಿಕೆಟ್ ಕೊಟ್ಟರೆ,
ಮೊದಲ ಭಾನುವಾರ ಜನ ನೆರೆಯುವುದರಲ್ಲಿ ಸಂದೇಹವಿಲ್ಲ;
ಸಂದೇಹವಿರುವುದು, ಟಿಕೆಟ್ ಇಲ್ಲದ ಎರಡನೆಯ ಭಾನುವಾರದ ಬಗ್ಗೆ.

ಹೊರಗಿನ ಬಹುಮಾನವು
ಒಳಗಿನ ಒಲವನ್ನು ಬದಿಗೆ ತಳ್ಳಬಹುದೆಂಬ ಈ ಆತಂಕ ಹಳೆಯದು:
ರಕ್ತಕ್ಕೆ ಹಣ ಕೊಟ್ಟರೆ ದಾನದ ಮನೋಭಾವವೇ ಕುಗ್ಗೀತೆಂದು
ಬ್ರಿಟನ್ನಿನ ಸಮಾಜ ಸಂಶೋಧಕ ರಿಚರ್ಡ್ ಟಿಟ್ಮಸ್ 1970ರಲ್ಲೇ ವಾದಿಸಿದ್ದರು.
ಭಾರತದಲ್ಲಿ ಹಣ ಪಡೆದು ರಕ್ತ ನೀಡುವುದು 1998ರಿಂದ ನಿಷಿದ್ಧವಾಗಿದ್ದು,
ಶಿಬಿರದಲ್ಲಿ ಸಾಮಾನ್ಯವಾಗಿ ಸಿಗುವುದು ಹಣ್ಣಿನ ರಸ, ಬಿಸ್ಕತ್ತು, ಒಂದು ಪ್ರಮಾಣಪತ್ರ, ಅಷ್ಟೇ.

ಬಹುಮಾನವೆಂಬುದು ಒಗ್ಗರಣೆಯಿದ್ದಂತೆ:
ಹದವಾದರೆ ಸಾರಿನ ರುಚಿ ಏರುತ್ತದೆ,
ಸೀದರೆ ಇಡೀ ಸಾರೇ ಕಹಿ.

ಮುಂಚಿತವಾಗಿ ಘೋಷಿಸಿದ ಟಿಕೆಟ್ ಕೂಲಿಯಂತೆ ಕಾಣುತ್ತದೆ;
ವರ್ಷವಿಡೀ ಪೊರಕೆ ಹಿಡಿದವರಿಗೆ
ಅನಿರೀಕ್ಷಿತವಾಗಿ ಸಿಕ್ಕ ಅದೇ ಟಿಕೆಟ್,
ಊರಿನವರ ಕೃತಜ್ಞತೆಯಂತೆ.